ಗಾಳಿ ಸೀಸನ್‌ಗೆ ಮುಂಚೆ ಪೂಲಿಂಗ್ ಸ್ಟೇಷನ್‌ಗಳು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳಬೇಕು?

ಪ್ರಶ್ನೆ: ಬಯಲುಗಾಳಿ

ಎಲ್ಲರಿಗೂ ನಮಸ್ಕಾರ. ಮೇ ಮುಗಿಯುತ್ತಿದ್ದ ಹಾಗೆ ಪಡುವಣ ಗಾಳಿ ಹಿಡಿದುಕೊಳ್ಳುತ್ತದೆ. ಅಷ್ಟರೊಳಗೆ ಮೂರು ವಿಷಯ ಇತ್ಯರ್ಥವಾಗಬೇಕು. ನಮ್ಮದು ಪೂಲಿಂಗ್ ಸ್ಟೇಷನ್, ಅಂದರೆ ಹಲವು ಗಾಳಿಯಂತ್ರಗಳ ವಿದ್ಯುತ್ತನ್ನು ಒಟ್ಟುಮಾಡಿ ಗ್ರಿಡ್‌ಗೆ ಕಳಿಸುವ ಸಬ್‌ಸ್ಟೇಷನ್. ವಿವರ ಹೀಗಿದೆ: ಗದಗ ಸೀಮೆ, 220/33 ಕೆವಿ, 100 ಎಂವಿಎ ಟ್ರಾನ್ಸ್‌ಫಾರ್ಮರ್ ಎರಡು, 2 ಮೆಗಾವಾಟ್‌ನ ಮಷೀನ್ 75, ಒಟ್ಟು 150 ಮೆಗಾವಾಟ್. ಮಾಲೀಕರು ಮೂವರು, 33 ಕೆವಿ ಫೀಡರ್ ಎಂಟು, ಗ್ರಿಡ್ ಸಬ್‌ಸ್ಟೇಷನ್‌ವರೆಗೆ 40 ಕಿ.ಮೀ. ಲೈನ್.

1. ಸಂಜೆ 5ರಿಂದ 9ರ ಬ್ಲಾಕ್‌ಗಳಲ್ಲಿ (ಬ್ಲಾಕ್ ಅಂದರೆ 15 ನಿಮಿಷ) ಶೆಡ್ಯೂಲ್‌ಗೂ, ಅಂದರೆ ಮೊದಲೇ ಹೇಳಿಟ್ಟ ಉತ್ಪಾದನೆಗೂ, ನಿಜವಾದ ಉತ್ಪಾದನೆಗೂ ತಾಳೆಯೇ ಇರುವುದಿಲ್ಲ. ಕೇಳಿದರೆ ಹವಾಮಾನದ ಮಾದರಿಯ ಮೇಲೆ ಹಾಕುತ್ತಾರೆ. ಏನು ಕೇಳಿದರೆ ಅಸಲು ಕಾರಣ ಹೊರಗೆ ಬರುತ್ತದೆ?

2. ಗಾಳಿ ಬಿದ್ದ ರಾತ್ರಿ ಎಲ್ಲ ಫೀಡರ್ ಕೂಡುವ 33 ಕೆವಿ ಬಸ್‌ನ ವೋಲ್ಟೇಜ್ 34.5 ಕೆವಿ ದಾಟುತ್ತದೆ, ಗಾಳಿ ಏರಿದಾಗ 32ಕ್ಕೆ ಬರುತ್ತದೆ.

3. ಒಂದು ಫೀಡರ್‌ನಲ್ಲಿ ಫಾಲ್ಟ್ ಆದರೆ ಪಕ್ಕದ ಫೀಡರ್‌ಗಳ ಮಷೀನ್‌ಗಳೂ ಬೀಳುತ್ತವೆ.

ತಮಿಳುನಾಡು, ಆಂಧ್ರ, ಮಹಾರಾಷ್ಟ್ರದಲ್ಲೂ ಇಂಥವೇ ಮಷೀನ್, ಇಂಥವೇ ರಿಲೇ. ಅಲ್ಲಿಯವರು ಪರಿಹಾರ ಕಂಡುಕೊಂಡಿದ್ದನ್ನೇ ಇಲ್ಲಿ ಮತ್ತೆ ಮೊದಲಿನಿಂದ ಹುಡುಕುವುದು ವ್ಯರ್ಥ. ಯಾವ ರೂಪದಲ್ಲಿ ಬರೆದಿಟ್ಟರೆ ಇನ್ನೊಂದು ಯುಟಿಲಿಟಿಯವರಿಗೆ ಕೈಗೆ ಬರುತ್ತದೆ ಎಂಬುದನ್ನೂ ಹೇಳಿ.


ಉತ್ತರ: ತೊಂಬತ್ತಾರು_ಬ್ಲಾಕ್

ಮೊದಲನೆಯದಕ್ಕೆ ಹೇಳುತ್ತೇನೆ. ಹವಾಮಾನದ ಕಡೆ ಹೋಗುವ ಮೊದಲು ಲಭ್ಯ ಸಾಮರ್ಥ್ಯದ ಕಾಲಂ ತೆಗೆದು ನೋಡಿ. ಹೆಚ್ಚಿನ ಕಡೆ ಆ ಕಾಲಂನಲ್ಲಿ ದಿನದ 96 ಬ್ಲಾಕ್‌ಗೂ 150 ಎಂದೇ ತುಂಬಿರುತ್ತದೆ.

ಲೆಕ್ಕ ನೋಡಿ. 15 ಮಷೀನ್ ರಿಪೇರಿಗೆ ನಿಂತಿವೆ ಅಂದುಕೊಳ್ಳಿ, ಅಂದರೆ 30 ಮೆಗಾವಾಟ್ ಇಲ್ಲ. ಗಾಳಿ 80% ಲೋಡ್ ಕೊಡುವಷ್ಟಿದೆ. ಫೋರ್‌ಕಾಸ್ಟ್ ಮಾಡುವವರಿಗೆ ನಿಂತ ಮಷೀನ್ ಗೊತ್ತಿಲ್ಲದಿದ್ದರೆ ಶೆಡ್ಯೂಲ್ 120, ಬರುವುದು 96. ತಪ್ಪು 24, ಅದನ್ನು 150ರಿಂದ ಭಾಗಿಸಿದರೆ 16%. ಗಾಳಿಯ ಅಂದಾಜು ಕೂದಲೆಳೆಯಷ್ಟೂ ತಪ್ಪಿಲ್ಲ, ಆದರೂ 15%ರ ಗೆರೆ ದಾಟಿತು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯ 2015ರ ನಿಯಮದ ಮೂಲ ಪಟ್ಟಿಯಂತೆ 15ರಿಂದ 25%ರ ಪಾಲಿಗೆ ಯೂನಿಟ್‌ಗೆ 50 ಪೈಸೆ. ಮೇಲೆ ಬಿದ್ದ 1.5 ಮೆಗಾವಾಟ್‌ಗೆ ಒಂದು ಬ್ಲಾಕ್‌ನಲ್ಲಿ 375 ಯೂನಿಟ್, 187.50 ರೂಪಾಯಿ. ಬಿಲ್ ಹಾಕುವಾಗ ಮಾತ್ರ ಈಗ ಚಾಲ್ತಿಯಲ್ಲಿರುವ ತಿದ್ದುಪಡಿಯ ದರವನ್ನೇ ಹಿಡಿಯಿರಿ. ಮೊತ್ತ ಸಣ್ಣದು ಎಂದು ಮಾಲೀಕರು ತಲೆ ಕೆಡಿಸಿಕೊಳ್ಳುವುದಿಲ್ಲ. ಸಂಜೆ ಪೀಕ್‌ನಲ್ಲಿ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರದ (ಎಸ್‌ಎಲ್‌ಡಿಸಿ) ಡೆಸ್ಕ್‌ಗೆ 24 ಮೆಗಾವಾಟ್ ಕಾಣೆಯಾಗುವುದು ಸಣ್ಣದಲ್ಲ, ಹತ್ತು ಪೂಲಿಂಗ್ ಸ್ಟೇಷನ್ ಹೀಗೇ ಮಾಡಿದರೆ 240.

ಎರಡನೆಯ ಕಾರಣ ಗಡಿಯಾರ. ಸ್ಟೇಷನ್‌ನ ಅಳತೆಗಳನ್ನು ಕೂಡಿಡುವ ಸ್ಕಾಡಾ ಸರ್ವರ್ ಯುಟಿಸಿಯಲ್ಲಿ ಓಡುತ್ತಿದ್ದು ಶೆಡ್ಯೂಲ್ ಭಾರತೀಯ ಕಾಲಮಾನದಲ್ಲಿದ್ದರೆ ಐದೂವರೆ ಗಂಟೆ, ಅಂದರೆ 22 ಬ್ಲಾಕ್ ವ್ಯತ್ಯಾಸ. ಇದು ಯಾರಿಗಾದರೂ ಬೇಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಒಂದು ಬ್ಲಾಕ್‌ನ ವ್ಯತ್ಯಾಸ: ಒಬ್ಬ ಮಾಲೀಕರ ಫೈಲ್‌ನಲ್ಲಿ 17:15 ಎಂದರೆ ಬ್ಲಾಕ್ ಶುರು, ಇನ್ನೊಬ್ಬರಲ್ಲಿ ಅದೇ 17:15 ಎಂದರೆ ಬ್ಲಾಕ್ ಮುಗಿದ ಹೊತ್ತು. ಗಾಳಿ ನಿಧಾನಕ್ಕೆ ಏರುವ ಬೆಳಗಿನಲ್ಲಿ ಇದು ತಿಳಿಯುವುದಿಲ್ಲ, ಸಂಜೆ ಗಾಳಿ ಜಿಗಿಯುವಾಗ ಎದ್ದು ಕಾಣುತ್ತದೆ. ನಿಮ್ಮ ದೂರೂ ಸಂಜೆಯದ್ದೇ ಆದ್ದರಿಂದ ಇದನ್ನು ಮೊದಲು ನೋಡಿ.

ಪರೀಕ್ಷೆ ಸುಲಭ. ಒಂದು ತಿಂಗಳ ಶೆಡ್ಯೂಲ್ ಮತ್ತು ಬ್ಲಾಕ್‌ವಾರು ಲೆಕ್ಕ ಇಡುವ ಎಬಿಟಿ ಮೀಟರ್ ರೀಡಿಂಗ್ ಎರಡನ್ನೂ ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಡಿ. ಶೆಡ್ಯೂಲ್ ಕಾಲಂ ಅನ್ನು ಹಿಂದೆ ಮುಂದೆ 8 ಬ್ಲಾಕ್‌ವರೆಗೆ ಒಂದೊಂದಾಗಿ ಸರಿಸಿ ಪ್ರತಿ ಸಲ ಸರಾಸರಿ ತಪ್ಪು ತೆಗೆಯಿರಿ. ಎಷ್ಟೇ ಸರಿಸಿದರೂ ಕಡಿಮೆಯಾಗದಿದ್ದರೆ ತಪ್ಪು ಪ್ರಮಾಣದ್ದು: ಪವರ್ ಕರ್ವ್ (ಯಾವ ಗಾಳಿವೇಗಕ್ಕೆ ಎಷ್ಟು ವಿದ್ಯುತ್ ಎಂಬ ಗೆರೆ), ಇಲ್ಲವೇ ನಿಂತ ಮಷೀನ್. ಸರಿಯಾಗಿ 1 ಬ್ಲಾಕ್‌ಗೆ ಕಡಿಮೆಯಾದರೆ ಗಡಿಯಾರ. 3-4 ಬ್ಲಾಕ್‌ಗೆ ಕಡಿಮೆಯಾದರೆ ಗಾಳಿ ಬರುವ ಹೊತ್ತನ್ನು ಮಾದರಿ ತಪ್ಪಾಗಿ ಹೇಳುತ್ತಿದೆ, ಆಗ ಹವಾಮಾನದ ಮಾತು ಒಪ್ಪಬಹುದು.

ಪವರ್ ಕರ್ವ್ ಬಗ್ಗೆ ಒಂದು ಮಾತು. ಕಂಪನಿಯವರು ಕೊಡುವ ಕರ್ವ್ ಸಾಮಾನ್ಯವಾಗಿ ಘನ ಮೀಟರ್‌ಗೆ 1.225 ಕೆಜಿ ಗಾಳಿಯ ಸಾಂದ್ರತೆಗೆ ಬರೆದದ್ದು. ಗದಗದ ಎತ್ತರದಲ್ಲಿ 30 ಡಿಗ್ರಿ ಬಿಸಿಲಿಗೆ ಅದು 1.08 ಆಸುಪಾಸು. ಪೂರ್ಣ ಸಾಮರ್ಥ್ಯ ಮುಟ್ಟುವವರೆಗಿನ ಇಡೀ ಏರಿನಲ್ಲಿ ಸುಮಾರು 12% ಕಡಿಮೆ ಬರುತ್ತದೆ. ಅದೇ ಏರಿನಲ್ಲಿ ಶಕ್ತಿ ವೇಗದ ಘನದ ಜೊತೆ ಓಡುತ್ತದೆ: ಸೆಕೆಂಡಿಗೆ 8 ಮೀಟರ್ ಎಂದಿದ್ದು 9 ಆದರೆ 42% ಜಾಸ್ತಿ. ಹಾಗಾಗಿ ವೇಗದ ಅರ್ಧ ಮೀಟರ್ ತಪ್ಪಿಗೆ ಫೋರ್‌ಕಾಸ್ಟ್‌ನವರನ್ನು ಹಿಡಿದು ಜಗಳ ಮಾಡುವುದಕ್ಕಿಂತ, ಹೋದ ಸೀಸನ್‌ನ ಡೇಟಾದಿಂದ ನಿಮ್ಮದೇ ಸ್ಟೇಷನ್‌ನ ಕರ್ವ್ ಬರೆಸಿ. ಬರೆಯುವಾಗ ಬ್ಯಾಕ್‌ಡೌನ್ (ಉತ್ಪಾದನೆ ಇಳಿಸಿ ಎಂಬ ಆದೇಶ) ಕೊಟ್ಟ ಬ್ಲಾಕ್‌ಗಳಿಗೆ ಗುರುತು ಹಾಕಿ ತೆಗೆದುಬಿಡಿ. ಇಲ್ಲದಿದ್ದರೆ ಜೋರು ಗಾಳಿಗೆ ಕಡಿಮೆ ವಿದ್ಯುತ್ ಎಂದು ಮಾದರಿ ಕಲಿತುಬಿಡುತ್ತದೆ, ಮುಂದಿನ ವರ್ಷ ಪೂರ್ತಿ ಅದನ್ನೇ ಹೇಳುತ್ತದೆ. ಮೂರು ಬ್ಲಾಕ್ ಸತತವಾಗಿ ದಶಮಾಂಶ ಸಮೇತ ಒಂದೇ ಅಂಕಿ ಬಂದಿದ್ದರೆ ಅದು ಗಾಳಿಯ ಅಳತೆಯಲ್ಲ, ಸತ್ತ ಸಿಗ್ನಲ್. ಅದನ್ನೂ ತೆಗೆಯಿರಿ.


ಉತ್ತರ: ಟ್ಯಾಪ್_ಕೌಂಟರ್

ವೋಲ್ಟೇಜ್ ವಿಷಯ. ನಿಮ್ಮ ಅಂಕಿಗಳನ್ನೇ ಹಿಡಿದು ರಿಯಾಕ್ಟಿವ್ ಲೆಕ್ಕ (ಕೆಲಸ ಮಾಡದೆ ವೋಲ್ಟೇಜ್ ಏರಿಳಿಸುವ ವಿದ್ಯುತ್, ಅಳತೆ ಎಂವಿಎಆರ್) ಬರೆದುಬಿಡೋಣ, ಆಮೇಲೆ ಊಹೆ ಬೇಕಾಗುವುದಿಲ್ಲ.

ಗಾಳಿ ಇಲ್ಲದಾಗ 220 ಕೆವಿ ಲೈನ್ ಸುಮ್ಮನೆ ಚಾರ್ಜ್ ಆಗಿ ನಿಂತಿರುತ್ತದೆ. ಕಿ.ಮೀ.ಗೆ ಸುಮಾರು 0.137 ಎಂವಿಎಆರ್, 40 ಕಿ.ಮೀ.ಗೆ 5.5. ಇದು ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತದೆ. 33 ಕೆವಿ ಓವರ್‌ಹೆಡ್ ಲೈನ್ ಕೊಡುವುದು ಕಿ.ಮೀ.ಗೆ 0.003 ಮಾತ್ರ, ಮರೆತುಬಿಡಿ. ಕೇಬಲ್ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, ಕಿ.ಮೀ.ಗೆ 0.07ರ ಹತ್ತಿರ ಬರುತ್ತದೆ.

ಪೂರ್ತಿ ಗಾಳಿಗೆ 150 ಮೆಗಾವಾಟ್ ಅಂದರೆ 220 ಕೆವಿಯಲ್ಲಿ 394 ಆಂಪಿಯರ್. ಲೈನಿನ ರಿಯಾಕ್ಟೆನ್ಸ್ ಕಿ.ಮೀ.ಗೆ 0.4 ಓಮ್ ಹಿಡಿದರೆ 16 ಓಮ್, ಅದು ನುಂಗುವುದು 7.5 ಎಂವಿಎಆರ್. ಎರಡು ಪವರ್ ಟ್ರಾನ್ಸ್‌ಫಾರ್ಮರ್ 12% ಇಂಪೀಡೆನ್ಸ್‌ಗೆ ತಲಾ 6.75, ಒಟ್ಟು 13.5. ಮಷೀನ್ ಬುಡದ 690 ವೋಲ್ಟ್ ಟ್ರಾನ್ಸ್‌ಫಾರ್ಮರ್‌ಗಳು 75 ಸೇರಿ ಸುಮಾರು 8. ಒಟ್ಟು 29, ಅದರಲ್ಲಿ ಲೈನ್ ತಾನೇ ಕೊಡುವ 5.5 ಕಳೆದರೆ 23.5 ಎಂವಿಎಆರ್ ಎಲ್ಲಿಂದಾದರೂ ಬರಬೇಕು. ಮಷೀನ್‌ಗಳು ಯೂನಿಟಿ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ರಿಯಾಕ್ಟಿವ್ ಕೊಡದೆ ತೆಗೆದುಕೊಳ್ಳದೆ, ಕೂತಿದ್ದರೆ ಅದು ಗ್ರಿಡ್‌ನಿಂದಲೇ ಬರುತ್ತದೆ, ಬಸ್ ಇಳಿಯುತ್ತದೆ.

ಪರಿಹಾರ ಮಷೀನ್‌ನಲ್ಲೇ ಇದೆ. 150 ಮೆಗಾವಾಟ್ ಇರುವಾಗ 0.988 ಪವರ್ ಫ್ಯಾಕ್ಟರ್‌ನಲ್ಲಿ ಓಡಿಸಿದರೆ 23.5 ಬಂತು. 66 ಕೆವಿ ಮತ್ತು ಅದಕ್ಕೂ ಮೇಲಿನ ಮಟ್ಟಕ್ಕೆ ಸೇರುವ ಗಾಳಿ ಸ್ಥಾವರ ಎರಡೂ ಕಡೆ 0.95ರವರೆಗೆ ರಿಯಾಕ್ಟಿವ್ ಕೊಡಬಲ್ಲದ್ದಾಗಿರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಸಿಇಎಯ 2013ರ ತಿದ್ದುಪಡಿಯಲ್ಲೇ ಇದೆ. 0.95 ಅಂದರೆ 49 ಎಂವಿಎಆರ್, ನಿಮಗೆ ಬೇಕಾದ್ದಕ್ಕಿಂತ ಎರಡು ಪಟ್ಟು. ಮಾಲೀಕರಿಗೆ ಹೊಸ ಸಾಮಾನು ಕೊಳ್ಳಿ ಎನ್ನಬೇಕಿಲ್ಲ, ಪ್ಲಾಂಟ್ ಕಂಟ್ರೋಲರ್ ಅನ್ನು ಫಿಕ್ಸೆಡ್ ಪವರ್ ಫ್ಯಾಕ್ಟರ್‌ನಿಂದ ವೋಲ್ಟೇಜ್ ಡ್ರೂಪ್ ಮೋಡ್‌ಗೆ ಬದಲಿಸಿ ಎಂದು ಕೇಳಿ. ಮೂವರು ಮಾಲೀಕರೂ ಒಂದೇ ಡ್ರೂಪ್ (ವೋಲ್ಟೇಜ್ ಎಷ್ಟು ಸರಿದರೆ ಎಷ್ಟು ರಿಯಾಕ್ಟಿವ್ ಎಂಬ ಅನುಪಾತ) ಇಡಬೇಕು. ಒಬ್ಬರದು 2%, ಇನ್ನೊಬ್ಬರದು 5% ಇದ್ದರೆ 2%ರವರೇ ಹೊರೆಯ ಹೆಚ್ಚಿನ ಪಾಲು ಹೊರುತ್ತಾರೆ.

ರಾತ್ರಿ 34.5ಕ್ಕೆ ನನ್ನ ಮೊದಲ ಅನುಮಾನ ಕೆಪಾಸಿಟರ್ ಬ್ಯಾಂಕ್ ಮೇಲೆ. ಸಂಜೆ ಹಾಕಿದ್ದನ್ನು ತೆಗೆಯುವವರು ಇಲ್ಲ. ಬಸ್‌ನ ಫಾಲ್ಟ್ ಲೆವೆಲ್ 900 ಎಂವಿಎ ಎಂದುಕೊಂಡರೆ 10 ಎಂವಿಎಆರ್ ಬ್ಯಾಂಕ್ ಒಂದೇ 1.1% ಏರಿಸುತ್ತದೆ, 0.36 ಕೆವಿ. ತೆಗೆದ ಬ್ಯಾಂಕನ್ನು 10 ನಿಮಿಷ ಕಳೆಯದೆ ಮತ್ತೆ ಹಾಕಬೇಡಿ, ಚಾರ್ಜ್ ಇಳಿದಿರುವುದಿಲ್ಲ.

ಇನ್ನು ಟ್ರಾನ್ಸ್‌ಫಾರ್ಮರ್‌ನ ಸುತ್ತು ಬದಲಿಸಿ ವೋಲ್ಟೇಜ್ ಸರಿಪಡಿಸುವ ಟ್ಯಾಪ್ ಚೇಂಜರ್. ಕಂಟ್ರೋಲರ್, ಕೆಪಾಸಿಟರ್, ಟ್ಯಾಪ್ ಮೂರೂ ಒಂದೇ ಬಸ್‌ನ ವೋಲ್ಟೇಜ್ ನೋಡಿಕೊಂಡು ಒಂದಕ್ಕೊಂದು ಗುದ್ದಾಡುತ್ತವೆ. ಕಂಟ್ರೋಲರ್ ಸೆಕೆಂಡುಗಳಲ್ಲಿ ಓಡಲಿ, ಕೆಪಾಸಿಟರ್ ಅದಕ್ಕಿಂತ ನಿಧಾನ, ಟ್ಯಾಪ್ ಎಲ್ಲರಿಗಿಂತ ನಿಧಾನ. ಒಂದು ಟ್ಯಾಪ್ 1.25% ಇದ್ದರೆ ಡೆಡ್‌ಬ್ಯಾಂಡ್‌ನ (ಟ್ಯಾಪ್ ಕದಲದೆ ಸುಮ್ಮನಿರುವ ವೋಲ್ಟೇಜ್ ಅಂತರದ) ಒಟ್ಟು ಅಗಲ ಅದರ ಒಂದೂವರೆ ಪಟ್ಟಾದರೂ ಇರಬೇಕು. ಕಡಿಮೆ ಇದ್ದರೆ ಒಂದು ಟ್ಯಾಪ್ ಏರಿಸಿದ ಕೂಡಲೇ ಇಳಿಸಬೇಕು ಅನ್ನಿಸುತ್ತದೆ ಆ ರಿಲೇಗೆ. ಟ್ಯಾಪ್ ಚೇಂಜರ್ ಡ್ರೈವ್ ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಸಣ್ಣ ಗಾಜಿನ ಕಿಂಡಿಯಲ್ಲಿ ಕೌಂಟರ್ ಇರುತ್ತದಲ್ಲ, ದಿನಾ ಬೆಳಿಗ್ಗೆ 6ಕ್ಕೆ ಅದರ ಅಂಕಿಯನ್ನು ಲಾಗ್‌ಶೀಟ್‌ನಲ್ಲಿ ಬರೆಸಿ. ದಿನಕ್ಕೆ ಎಂಟು ಹತ್ತು ಇದ್ದದ್ದು ನಲವತ್ತಕ್ಕೆ ಹೋದರೆ ಗುದ್ದಾಟ ಶುರುವಾಗಿದೆ ಎಂದೇ ಅರ್ಥ. ಡೈವರ್ಟರ್ ಸ್ವಿಚ್ ಎಣ್ಣೆ ಕಪ್ಪಾಗುವವರೆಗೆ ಕಾಯಬೇಡಿ.


ಉತ್ತರ: ರಿಲೇ_ರೂಮ್

ಮೂರನೆಯ ಪ್ರಶ್ನೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಒಂದು ಫೀಡರ್‌ನಲ್ಲಿ ಫಾಲ್ಟ್ ಆದಾಗ ಬ್ರೇಕರ್ ಬಿಚ್ಚುವವರೆಗೆ ಇಡೀ 33 ಕೆವಿ ಬಸ್ ಕುಸಿದಿರುತ್ತದೆ, ಎಂಟೂ ಫೀಡರ್‌ನ ಮಷೀನ್‌ಗಳು ಅದನ್ನೇ ಕಾಣುತ್ತವೆ. ಸಿಇಎ ಕರ್ವ್ ಹೇಳುವುದು ಇಷ್ಟು: ವೋಲ್ಟೇಜ್ 15%ಕ್ಕೆ ಇಳಿದರೂ 300 ಮಿಲಿಸೆಕೆಂಡ್ ತಡೆದುಕೊಳ್ಳಬೇಕು, 3 ಸೆಕೆಂಡಿನೊಳಗೆ 85%ಕ್ಕೆ ಬಂದರೆ ಬೀಳಬಾರದು. ಆ ಕರ್ವ್ ಬರೆದಿರುವುದು ಗ್ರಿಡ್‌ಗೆ ಸೇರುವ ಜಾಗಕ್ಕೆ, ಒಳಗಿನ 33 ಕೆವಿ ಫಾಲ್ಟ್‌ಗೆ ಅಲ್ಲ. ಆದರೆ ಮಷೀನ್ ನೋಡುವುದು ತನ್ನ ಟರ್ಮಿನಲ್ ವೋಲ್ಟೇಜನ್ನು ಮಾತ್ರ. ನಿಮ್ಮ ಫೀಡರ್ ರಿಲೇ ಇನ್‌ಸ್ಟಂಟೇನಿಯಸ್ ಆಗಿ ಕೆಲಸ ಮಾಡಿದರೆ ರಿಲೇಗೆ 40, ಬ್ರೇಕರ್‌ಗೆ 60, ಒಟ್ಟು 100 ಮಿಲಿಸೆಕೆಂಡ್. ಎಲ್ಲರೂ ಉಳಿಯುತ್ತಾರೆ. ಅದೇ ಐಡಿಎಂಟಿಯಲ್ಲಿ (ಕರೆಂಟ್ ಕಡಿಮೆ ಇದ್ದಷ್ಟೂ ತಡವಾಗಿ ಬಿಚ್ಚುವ ಸೆಟ್ಟಿಂಗ್) 600 ಮಿಲಿಸೆಕೆಂಡ್ ತೆಗೆದುಕೊಂಡರೆ ಪಕ್ಕದವರು ಬೀಳುವುದು ನ್ಯಾಯವೇ. ಮಷೀನ್ ಕೆಟ್ಟಿಲ್ಲ, ನಿಮ್ಮ ಸೆಟ್ಟಿಂಗ್ ನಿಧಾನ. ಕಳೆದ ಸೀಸನ್‌ನ ಪ್ರತಿ ಟ್ರಿಪ್‌ನ ಫಾಲ್ಟ್ ನಿವಾರಣೆಯ ಹೊತ್ತನ್ನು ಡಿಸ್ಟರ್ಬೆನ್ಸ್ ರೆಕಾರ್ಡರ್‌ನಿಂದ ತೆಗೆಯಿರಿ, ಹತ್ತು ನಿಮಿಷದ ಸ್ಕಾಡಾ ಸರಾಸರಿ ಇದಕ್ಕೆ ಏನೂ ಹೇಳುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು. ಫೀಡರ್ ಬ್ರೇಕರ್ ಬಿಚ್ಚಿದ ಮೇಲೆ ಆ ಫೀಡರ್‌ನ ಮಷೀನ್‌ಗಳು ಕೆಲವು ಸೈಕಲ್ ತಿರುಗುತ್ತಲೇ ಇರುತ್ತವೆ. ಮಷೀನ್ ಟ್ರಾನ್ಸ್‌ಫಾರ್ಮರ್‌ನ 33 ಕೆವಿ ಕಡೆ ಡೆಲ್ಟಾ, ನ್ಯೂಟ್ರಲ್ ಇರುವುದು ಸ್ಟೇಷನ್‌ನಲ್ಲಿ. ಬ್ರೇಕರ್ ಬಿಚ್ಚಿತೆಂದರೆ ಆ ತುಂಡಿಗೆ ಭೂಮಿಯ ಆಧಾರವೇ ಹೋಯಿತು. ಒಂದು ಫೇಸ್ ಇನ್ನೂ ನೆಲಕ್ಕೆ ತಾಗಿಕೊಂಡಿದ್ದರೆ ಉಳಿದೆರಡು ಫೇಸ್ 1.73 ಪಟ್ಟು ಏರುತ್ತವೆ. ಕಂಬದ ಮೇಲಿನ ಲೈಟ್ನಿಂಗ್ ಅರೆಸ್ಟರ್‌ಗಳು ಮಳೆ ಗುಡುಗಿಲ್ಲದ ದಿನವೂ ಸಿಡಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಬ್ರೇಕರ್‌ಗೆ ಟ್ರಿಪ್ ಆದೇಶ ಹೋಗುವ ಕ್ಷಣದಲ್ಲೇ ಮಷೀನ್‌ಗಳಿಗೂ ಫೈಬರ್ ಮೂಲಕ ಟ್ರಿಪ್ ಕಳಿಸಿ, ಇಲ್ಲವೇ ಫೀಡರ್ ಕಡೆ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ಹಾಕಿ.

ಮಾಹಿತಿ ಹಂಚಿಕೊಳ್ಳುವುದು ಯಾಕೆ ಬೇಕು ಅನ್ನುವುದಕ್ಕೆ ಸೌತ್ ಆಸ್ಟ್ರೇಲಿಯಾಕ್ಕಿಂತ ಒಳ್ಳೆಯ ಪಾಠ ಇಲ್ಲ. 2016ರ ಸೆಪ್ಟೆಂಬರ್ 28. ಸುಂಟರಗಾಳಿಗೆ 275 ಕೆವಿ ಲೈನುಗಳು ಬಿದ್ದವು, ಎರಡು ನಿಮಿಷದೊಳಗೆ ಆರು ಸಲ ವೋಲ್ಟೇಜ್ ಕುಸಿಯಿತು. ಒಂಬತ್ತು ವಿಂಡ್ ಫಾರ್ಮ್‌ಗಳು ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಇಳಿಸಿದವು, ಅಷ್ಟೂ ಹೊರೆ ವಿಕ್ಟೋರಿಯಾದಿಂದ ಬರುವ ಹೇವುಡ್ ಲೈನ್ ಮೇಲೆ ಬಿದ್ದು ಅದೂ ಕಳಚಿತು, ರಾಜ್ಯಕ್ಕೆ ರಾಜ್ಯವೇ ಕತ್ತಲು. ಮಷೀನ್‌ಗಳು ಒಂದೊಂದು ಕುಸಿತವನ್ನೂ ಸರಿಯಾಗಿಯೇ ತಡೆದುಕೊಂಡಿದ್ದವು. ಆದರೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಸಲ ತಡೆದುಕೋ, ಆಮೇಲೆ ಬಿಟ್ಟುಬಿಡು ಎಂಬ ಎಣಿಕೆಯ ಮಿತಿ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿತ್ತು. ಗ್ರಿಡ್ ನಡೆಸುವವರಿಗೆ ಅದು ಇದೆ ಎಂದೇ ಗೊತ್ತಿರಲಿಲ್ಲ. ಆಮೇಲೆ ಸೆಟ್ಟಿಂಗ್ ಬದಲಿಸಿದರು.

ಹಾಗಾಗಿ ಮಾಲೀಕರಿಂದ ಎಲ್‌ವಿಆರ್‌ಟಿ (ವೋಲ್ಟೇಜ್ ಕುಸಿದರೂ ಬೀಳದಿರುವ) ಸರ್ಟಿಫಿಕೇಟ್ ತೆಗೆದುಕೊಂಡು ಫೈಲ್‌ಗೆ ಹಾಕಿ ಸುಮ್ಮನಾಗಬೇಡಿ. ಲಿಖಿತವಾಗಿ ಕೇಳಬೇಕಾದ್ದು: ಸತತ ಕುಸಿತದ ಎಣಿಕೆ ಎಷ್ಟು, ಎಷ್ಟು ಹೊತ್ತಿನ ಕಿಟಕಿಯಲ್ಲಿ? ಹೈ ವೋಲ್ಟೇಜ್‌ನಲ್ಲಿ 110ರಿಂದ 120%ಕ್ಕೆ 2 ಸೆಕೆಂಡ್, 120ರಿಂದ 130%ಕ್ಕೆ 0.2 ಸೆಕೆಂಡ್ ನಿಲ್ಲುತ್ತದೆಯೇ? ವೆಕ್ಟರ್ ಶಿಫ್ಟ್ ಅಥವಾ ಆವರ್ತನ ಬದಲಾಗುವ ದರದ ಮೇಲೆ ಟ್ರಿಪ್ ಇದೆಯೇ? ಕುಸಿತ ಮುಗಿದ ಮೇಲೆ ಪೂರ್ತಿ ಮೆಗಾವಾಟ್‌ಗೆ ಮರಳಲು ಎಷ್ಟು ಸೆಕೆಂಡ್? ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆ ಸಮೇತ ಬರೆಸಿಕೊಳ್ಳಿ. ಅಪ್‌ಡೇಟ್ ಹಾಕಿದಾಗ ಸೆಟ್ಟಿಂಗ್ ಫ್ಯಾಕ್ಟರಿಯ ಮೂಲಕ್ಕೆ ಹೋಗಿರುತ್ತದೆ, ಯಾರೂ ಹೇಳಿರುವುದಿಲ್ಲ.


ಬಯಲುಗಾಳಿ

ತುಂಬಾ ಉಪಕಾರ ಆಯಿತು. ಟ್ಯಾಪ್_ಕೌಂಟರ್ ಸರ್, ಬ್ಯಾಂಕ್ ಆಟೋದಲ್ಲಿ ಇಲ್ಲ, ಕೈಯಿಂದಲೇ ಹಾಕುವುದು. ರಾತ್ರಿ ಲಾಗ್‌ಶೀಟ್ ನೋಡಿದರೆ ನೀವು ಹೇಳಿದ್ದೇ ಕಾಣುತ್ತದೆ. ಇನ್ನೊಂದು ಕೇಳಬೇಕು: ನಮ್ಮ ಪಶ್ಚಿಮಕ್ಕಿರುವ ಸವದತ್ತಿ ಕಡೆಯ ಸ್ಟೇಷನ್‌ಗಳ ಉತ್ಪಾದನೆ ನಮಗೆ ಲೈವ್ ಸಿಕ್ಕರೆ ಗಾಳಿ ಏರುವುದು ಮೊದಲೇ ತಿಳಿಯುತ್ತದೆಯೇ?


ಉತ್ತರ: ಕಣಿವೆಗಾಳಿ

ತಿಳಿಯುತ್ತದೆ, ಆದರೆ ದೂರವನ್ನು ಗಾಳಿಯ ವೇಗದಿಂದ ಭಾಗಿಸಿ ಇಷ್ಟು ಗಂಟೆಗೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಮುಂಗಾರು ಚುರುಕಾಗುವುದು ರೈಲು ಬಂದ ಹಾಗಲ್ಲ, ಅಗಲವಾದ ಪ್ರದೇಶದ ಮೇಲೆ ಒತ್ತಡದ ಇಳಿಜಾರು ಒಟ್ಟಿಗೇ ಬಿಗಿಯಾಗುತ್ತದೆ. ಎರಡು ಸ್ಟೇಷನ್‌ಗಳ ಹೋದ ವರ್ಷದ ಜೂನ್‌ನಿಂದ ಸೆಪ್ಟೆಂಬರ್ ಡೇಟಾ ತೆಗೆದುಕೊಂಡು, ತೊಂಬತ್ತಾರು_ಬ್ಲಾಕ್ ಹೇಳಿದ ಸರಿಸುವ ಪರೀಕ್ಷೆಯನ್ನೇ ಸ್ಟೇಷನ್‌ಗಳ ನಡುವೆ ಮಾಡಿ. ಎಷ್ಟು ಬ್ಲಾಕ್ ಸರಿಸಿದಾಗ ಹೊಂದಾಣಿಕೆ ಹೆಚ್ಚೋ ಅಷ್ಟೇ ನಿಮಗೆ ಸಿಗುವ ಮುನ್ಸೂಚನೆ. ತಿಂಗಳಿಗೊಂದರಂತೆ ಬೇರೆ ಬೇರೆ ತೆಗೆಯಿರಿ. ತಮಿಳುನಾಡಿನಲ್ಲಿ ಪಾಲಕ್ಕಾಡ್ ಕಣಿವೆಯ ಗಾಳಿಗೂ ಆರಲ್ವಾಯ್ಮೊಳಿ ಕಣಿವೆಯ ಗಾಳಿಗೂ ಒಂದೇ ಲೆಕ್ಕ ಹೊಂದುವುದಿಲ್ಲ, ಎರಡನ್ನೂ ಕೂಡಿಸಿ ಒಂದು ಸಂಖ್ಯೆ ಇಟ್ಟುಕೊಂಡರೆ ಎರಡಕ್ಕೂ ಸುಳ್ಳಾಗುತ್ತದೆ.

ಮೇ ತಿಂಗಳ ಗುಡುಗುಮಳೆಗೆ ಈ ವಿಧಾನ ಬೇಡ. ಆಗ ಗಾಳಿ ಅರ್ಧ ಗಂಟೆಯಲ್ಲಿ ಏರಿ, ಕಟ್‌ಔಟ್ (ಮಷೀನ್ ತಾನೇ ನಿಲ್ಲುವ ವೇಗ) ದಾಟಿ, ಮಷೀನ್‌ಗಳು ಪೂರ್ತಿ ಲೋಡ್‌ನಿಂದ ಸೊನ್ನೆಗೆ ಬರುತ್ತವೆ. ಸೆಕೆಂಡಿಗೆ 25 ಮೀಟರ್‌ಗೆ ನಿಂತ ಮಷೀನ್ 24ಕ್ಕೆ ಇಳಿದ ತಕ್ಷಣ ಮತ್ತೆ ಹೊರಡುವುದಿಲ್ಲ, ಇನ್ನೂ ಇಳಿದು ನಿಂತ ಮೇಲೆಯೇ ಹೊರಡುತ್ತದೆ. ಕಟ್‌ಔಟ್ ಎಷ್ಟು, ಮರಳಿ ಹೊರಡುವುದು ಎಷ್ಟಕ್ಕೆ, ಎರಡೂ ಅಂಕಿ ಎಸ್‌ಎಲ್‌ಡಿಸಿ ಹತ್ತಿರ ಇರಬೇಕು. ಈ ದಿನಗಳಿಗೆ ರೇಡಾರ್ ಚಿತ್ರವೇ ಗತಿ.

ಮಾಹಿತಿ ಇರುವುದು ಬೇರೆ, ಡೆಸ್ಕ್ ಮೇಲೆ ಇರುವುದು ಬೇರೆ. ಟೆಕ್ಸಾಸ್‌ನ ಗ್ರಿಡ್ ನಡೆಸುವ ಎರ್ಕಾಟ್‌ನಲ್ಲಿ 2008ರ ಫೆಬ್ರುವರಿ 26ರಂದು ಮಧ್ಯಾಹ್ನ 3ರಿಂದ ಸಂಜೆ 6:30ರೊಳಗೆ ಗಾಳಿ ವಿದ್ಯುತ್ ಸುಮಾರು 1,700 ಮೆಗಾವಾಟ್‌ನಿಂದ 300ಕ್ಕೆ ಬಂತು. ಅದೇ ಹೊತ್ತಿಗೆ ಸಂಜೆಯ ಲೋಡ್ ಏರುತ್ತಿತ್ತು. ಮೊದಲೇ ಒಪ್ಪಂದ ಮಾಡಿಕೊಂಡಿದ್ದ ಕೈಗಾರಿಕೆಗಳ 1,100 ಮೆಗಾವಾಟ್ ಆಸುಪಾಸಿನ ಲೋಡ್ ತೆಗೆದು ಆವರ್ತನ ಉಳಿಸಿಕೊಂಡರು. ಗಾಳಿ ಇಳಿಯುತ್ತದೆ ಎಂದು ಫೋರ್‌ಕಾಸ್ಟ್ ಮೊದಲೇ ಸಾಕಷ್ಟು ಸರಿಯಾಗಿ ಹೇಳಿತ್ತು. ಅದನ್ನು ಆಪರೇಟರ್‌ಗಳ ಕೆಲಸದೊಳಗೆ ಇನ್ನೂ ಸೇರಿಸಿರಲಿಲ್ಲ, ಅಷ್ಟೇ. ಸವದತ್ತಿಯ ಲೈವ್ ಅಂಕಿ ತರಿಸಿಕೊಂಡು ಪ್ರತ್ಯೇಕ ಕಂಪ್ಯೂಟರ್‌ನಲ್ಲಿ ಇಟ್ಟರೆ ಗತಿ ಇದೇ. ಶಿಫ್ಟ್‌ನವರು ನೋಡುವ ಪರದೆಯಲ್ಲೇ, ಮುಂದಿನ ನಾಲ್ಕು ಬ್ಲಾಕ್‌ನಲ್ಲಿ ಎಷ್ಟು ಮೆಗಾವಾಟ್ ಏರಿಳಿತ ಎಂಬ ಒಂದೇ ಅಂಕಿಯಾಗಿ ಬರಲಿ. ಶರಾವತಿಯ 1,035 ಮೆಗಾವಾಟ್ ಇದೆಯಲ್ಲ ಎಂದು ನಂಬಿಕೊಳ್ಳುವವರಿಗೆ ಇನ್ನೊಂದು ಮಾತು: ಗಾಳಿ ಜಿಗಿದಾಡುವ ಜೂನ್ ಮೊದಲ ವಾರಗಳಲ್ಲೇ ಲಿಂಗನಮಕ್ಕಿಯ ನೀರು ತಳದಲ್ಲಿರುತ್ತದೆ.


ಉತ್ತರ: ತೊಂಬತ್ತಾರು_ಬ್ಲಾಕ್

ಯಾವ ರೂಪದಲ್ಲಿ ಬರೆದಿಡಬೇಕು ಎಂದು ಕೇಳಿದ್ದಿರಿ. ಅಮೆರಿಕದ ಯುಟಿಲಿಟಿಗಳು ಗಾಳಿಗೆಂದೇ 1989ರಲ್ಲಿ ಕಟ್ಟಿಕೊಂಡ ಗುಂಪೇ ಈಗ ಎಸಿಗ್ ಎಂಬ ಹೆಸರಿನಲ್ಲಿದೆ. ಐಇಎ ವಿಂಡ್‌ನ ಟಾಸ್ಕ್ 25ರಲ್ಲಿ 2006ರಿಂದ ಬೇರೆ ಬೇರೆ ದೇಶದವರು ಗ್ರಿಡ್‌ಗೆ ಗಾಳಿ ಸೇರಿಸುವ ಲೆಕ್ಕಗಳನ್ನು ಹೋಲಿಸುತ್ತಿದ್ದಾರೆ. ಹೋಲಿಸಲು ಹೊರಟರೆ ಮೊದಲ ತೊಡಕು ಪದಗಳದ್ದು. ತಪ್ಪಿನ ಶೇಕಡಾವಾರನ್ನು ಒಬ್ಬರು ಸಾಮರ್ಥ್ಯದಿಂದ ಭಾಗಿಸುತ್ತಾರೆ, ಇನ್ನೊಬ್ಬರು ಉತ್ಪಾದನೆಯಿಂದ. ಮೇಲಿನ 24 ಮೆಗಾವಾಟ್ ತಪ್ಪನ್ನೇ 96ರಿಂದ ಭಾಗಿಸಿದರೆ 25% ಆಗುತ್ತದೆ, 150ರಿಂದ ಭಾಗಿಸಿದರೆ 16%. ಛೇದ ಯಾವುದು ಎಂದು ಬರೆಯದ ಶೇಕಡಾವಾರನ್ನು ಯಾರಿಗೂ ಕಳಿಸಬೇಡಿ, ಯಾರಿಂದಲೂ ತೆಗೆದುಕೊಳ್ಳಬೇಡಿ.

ಒಂದು ಘಟನೆಗೆ ಒಂದೇ ಹಾಳೆ ಸಾಕು: ಬ್ಲಾಕ್ ಸಂಖ್ಯೆ ಮತ್ತು ಜಿಪಿಎಸ್ ಸಮಯ, ಆಗ ತಿರುಗುತ್ತಿದ್ದ ಮಷೀನ್ ಎಷ್ಟು, ಬಿದ್ದದ್ದೆಷ್ಟು, ಮಷೀನ್ ಮಾದರಿ ಮತ್ತು ಸಾಫ್ಟ್‌ವೇರ್ ಆವೃತ್ತಿ, ಮೂರೂ ಫೇಸ್‌ನ ಕನಿಷ್ಠ ವೋಲ್ಟೇಜ್, ಫಾಲ್ಟ್ ನಿವಾರಣೆಯ ಮಿಲಿಸೆಕೆಂಡ್, ಯಾವ ರಿಲೇ ಯಾವ ಸೆಟ್ಟಿಂಗ್‌ನಲ್ಲಿ ಕೆಲಸ ಮಾಡಿತು, ಆಮೇಲೆ ಏನು ಬದಲಿಸಿದಿರಿ. ಕೊನೆಯದು ಖಾಲಿ ಇದ್ದರೂ ಕಳಿಸಿ. ಜೊತೆಗೆ ಡಿಸ್ಟರ್ಬೆನ್ಸ್ ರೆಕಾರ್ಡರ್‌ನ ಕಾಮ್‌ಟ್ರೇಡ್ ಫೈಲ್. ಮಾಲೀಕರು ಹಿಂಜರಿಯುವುದು ಒಪ್ಪಂದದ ಅಂಕಿಗಳಿಗಾಗಿ. ಮೆಗಾವಾಟ್ ಬದಲು ಸಾಮರ್ಥ್ಯದ ಶೇಕಡಾವಾರು ಬರೆದು, ಮಾಲೀಕರ ಹೆಸರು ತೆಗೆದು, ಒಂದು ವಾರ ತಡೆದು ಹಂಚಿದರೆ ಯಾರ ವ್ಯಾಪಾರಕ್ಕೂ ಧಕ್ಕೆ ಇಲ್ಲ. ಮಷೀನ್ ಮಾದರಿಯನ್ನು ಮಾತ್ರ ಮುಚ್ಚಿಡಬೇಡಿ, ಇನ್ನೊಂದು ರಾಜ್ಯದವರು ಆ ಹಾಳೆಯಲ್ಲಿ ಹುಡುಕುವುದೇ ಅದನ್ನು.


ಉತ್ತರ: ರಿಲೇ_ರೂಮ್

ನಾನು ಮೇಲೆ ಬರೆದದ್ದಕ್ಕೆ ಒಂದು ಸೇರಿಸಬೇಕು, ಯಾರಾದರೂ ಓದಿ ನಾಳೆಯೇ ಸೆಟ್ಟಿಂಗ್ ಬದಲಿಸುವ ಮೊದಲು. ಇನ್‌ಸ್ಟಂಟೇನಿಯಸ್ ಓವರ್‌ಕರೆಂಟ್ ಅನ್ನು ಸುಮ್ಮನೆ ಇಳಿಸಬೇಡಿ. ಹತ್ತು ಮಷೀನ್‌ನ ಫೀಡರ್‌ಗೆ ಪೂರ್ಣ ಲೋಡ್ 350 ಆಂಪಿಯರ್. ಬ್ರೇಕರ್ ಹಾಕಿದ ಕ್ಷಣ ಹತ್ತೂ ಟ್ರಾನ್ಸ್‌ಫಾರ್ಮರ್ ಒಟ್ಟಿಗೆ ಇನ್‌ರಶ್ (ಚಾರ್ಜ್ ಆಗುವಾಗಿನ ಕ್ಷಣಿಕ ಕರೆಂಟ್) ಎಳೆಯುತ್ತವೆ, ಅದು ಪೂರ್ಣ ಲೋಡ್‌ನ ಹಲವು ಪಟ್ಟು. ಸೆಟ್ಟಿಂಗ್ ಕೆಳಗಿದ್ದರೆ ಫೀಡರ್ ಚಾರ್ಜೇ ಆಗುವುದಿಲ್ಲ, ಶಿಫ್ಟ್‌ನವರು ಫಾಲ್ಟ್ ಹುಡುಕುತ್ತಾ ಲೈನ್ ಉದ್ದಕ್ಕೂ ನಡೆಯುತ್ತಾರೆ. ರಿಲೇಯಲ್ಲಿ ಎರಡನೇ ಹಾರ್ಮೋನಿಕ್ ಬ್ಲಾಕಿಂಗ್ ಇದ್ದರೆ 15ರಿಂದ 20%ಕ್ಕೆ ಇಟ್ಟು ಆಮೇಲೆ ಇಳಿಸಿ. ಇಲ್ಲದಿದ್ದರೆ ಫೀಡರನ್ನು ಲೋಡ್ ಬ್ರೇಕ್ ಸ್ವಿಚ್‌ನಲ್ಲಿ ಎರಡು ತುಂಡು ಮಾಡಿ ಒಂದಾದ ಮೇಲೆ ಒಂದು ಚಾರ್ಜ್ ಮಾಡಿ, ಬರೀ ಐಸೊಲೇಟರನ್ನು ಲೈವ್ ಲೈನ್ ಮೇಲೆ ಹಾಕಬೇಡಿ. ಅರ್ಥ್ ಫಾಲ್ಟ್ ಎಲಿಮೆಂಟ್‌ಗೆ ಈ ಭಯ ಕಡಿಮೆ, ಡೆಲ್ಟಾ ಇರುವುದರಿಂದ ಇನ್‌ರಶ್‌ನಲ್ಲಿ ಜೀರೋ ಸೀಕ್ವೆನ್ಸ್ ಇಲ್ಲ. ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಸ್ಯಾಚುರೇಟ್ ಆದರೆ ಮಾತ್ರ ಸುಳ್ಳು ಕರೆಂಟ್ ಕಾಣುತ್ತದೆ, ಅದಕ್ಕೆ 50ರಿಂದ 100 ಮಿಲಿಸೆಕೆಂಡ್ ತಡೆ ಕೊಟ್ಟರೆ ಸಾಕು. 300ರ ಗೆರೆಯೊಳಗೇ ಇರುತ್ತೀರಿ.